ಕ್ರೆನ್‌ಶಾನ ಮುಖದ ಅಚ್ಚು

ಜನವರಿ 6, ಮಂಗಳವಾರ

ಬೆಳಗಿನಿಂದ ಬೆಂಕಿ ಒಗೆಯುವ ಕೆಲಸ. ಸೋಪುನೀರಿನಲ್ಲಿ ಅದ್ದಿ, ಹಿಂಡಿ, ಹಗ್ಗದ ಮೇಲೆ ಹರವಿದ್ದೇ ಹರವಿದ್ದು. ಬೆರಳೆಲ್ಲ ಸುಕ್ಕು. ಈ ರೇಷ್ಮೆ ಪಟ್ಟಿಗಳ ಕೆಳಗೆ ಫ್ಯಾನು ಇಟ್ಟು ಕಿತ್ತಳೆ ದೀಪ ಹಾಕಿದರೆ ಇಡೀ ಊರು ಹೊತ್ತಿಕೊಳ್ಳುತ್ತದೆ. ಬಿಸಿಲಿನಲ್ಲಿ ನೋಡಿದರೆ ಹರಿದ ಲಂಗದ ಅಂಚು, ಅಷ್ಟೇ.

ನಮ್ಮ ಪಾರ್ಕಿನ ದೋಣಿ ಸವಾರಿ ‘ಉರಿಯುವ ರೇವು’ ನಿನ್ನೆಯಿಂದ ಬಂದ್. ಮಾರ್ಚ್‌ವರೆಗೆ ರಿಪೇರಿ. ಕಾಲುವೆಯ ನೀರು ಖಾಲಿ ಮಾಡಿಯಾಯಿತು, ದೋಣಿಗಳು ಹೊರಗೆ. ತಳದಲ್ಲಿ ಕನ್ನಡಕಗಳು, ಟೋಪಿಗಳು, ಒಂದು ಹಲ್ಲುಸೆಟ್ಟು. ಒಸ್ವಾಲ್ಡೊ ಅದನ್ನು ತೊಳೆದು ಮೊಸಳೆಯ ಬಾಯಿಗೆ ಜೋಡಿಸಿದ. ಬೊಂಬೆಗಳನ್ನು ಆಡಿಸುವ ಗಾಳಿಕೊಳವೆಗಳೆಲ್ಲ ಅವನ ಪಾಲು. ಮುಖ, ಚರ್ಮ, ಬೆಂಕಿ, ಹೊಗೆ ನನ್ನ ಪಾಲು.

“ನೋಡೇ ಮಾರ್ಲಾ, ಇಷ್ಟು ವರ್ಷ ಪಾಪ ಬೊಚ್ಚು ಬಾಯಲ್ಲೇ ಕಚ್ತಿತ್ತು.”

ನಕ್ಕೆ. ಇವತ್ತಿನ ನಗು ಅಲ್ಲಿಗೆ ಮುಗಿಯಿತು.

ಮಧ್ಯಾಹ್ನ ಮ್ಯಾನೇಜರ್ ಟ್ರಿಷ್ ಎಲ್ಲರನ್ನೂ ಕರೆದಳು. ನಮ್ಮ ಪಾರ್ಕಿನಲ್ಲಿ ದೊಡ್ಡವರು ನಿವೃತ್ತರಾದರೆ ಗಡಿಯಾರ, ಶಾಲು ಏನೂ ಇಲ್ಲ. ಅವರ ಮುಖದ ಅಚ್ಚು ತೆಗೆದು ಯಾವುದಾದರೂ ಬೊಂಬೆಗೆ ಹಾಕುತ್ತೇವೆ. ರೇವಿನ ಹೋಟೆಲಿನವಳು ಹಳೆಯ ಅಕೌಂಟೆಂಟ್. ಗಂಟೆ ಬಾರಿಸುವ ಪಾದ್ರಿ ಮೊದಲ ಎಂಜಿನಿಯರ್. ಈ ಸಲ ಹಡಗಿನ ಕ್ಯಾಪ್ಟನ್‌ಗೆ ಹೊಸ ಮುಖ.

“ವೆಂಡೆಲ್ ಕ್ರೆನ್‌ಶಾ ಅವರದ್ದು,” ಅಂದಳು ಟ್ರಿಷ್. “ಅಚ್ಚು ತೆಗೆಯೋದು ನೀನೇ ಮಾರ್ಲಾ. ನಿನ್ನ ಕೈ ತುಂಬಾ ಹಗುರ ಅಂತ ಎಲ್ರೂ ಹೇಳ್ತಾರೆ.”

ಹಗುರ. ನೋಡೋಣ.

ಜನವರಿ 8, ಗುರುವಾರ

ಇವತ್ತೂ ಆ ಮಾತು ಕಿವಿಗೆ ಬಿತ್ತು. ಕೆಳಗೆ ಪಂಪ್ ಬಿಚ್ಚುತ್ತಿದ್ದ ಹುಡುಗನಿಗೆ ಮೇಲಿನಿಂದ ಒಸ್ವಾಲ್ಡೊ ಕೂಗಿದ: “ಲೋ, ಬೀಗ ಹಾಕಿದ್ಯೇನೋ? ಹಟ್ಟೊ ಮಾಡ್ಕೊಂಡು ಬಂದೀಯ ಮತ್ತೆ!”

ಬೀಗ ಅಂದರೆ ನಮ್ಮ ಪ್ರಾಣ. ಯಂತ್ರದೊಳಗೆ ಕೈ ಹಾಕುವ ಮುಂಚೆ ಸ್ವಿಚ್ಚಿಗೆ ಸ್ವಂತ ಬೀಗ ಜಡಿಯಬೇಕು, ಕೀಲಿ ಜೇಬಿಗೆ. ಬೀಗ ಇರುವವರೆಗೆ ದೇವರೇ ಬಂದರೂ ಕರೆಂಟ್ ಕೊಡುವ ಹಾಗಿಲ್ಲ. ಬೀಗ ಮರೆಯುವುದಕ್ಕೆ ಇಲ್ಲಿ ‘ಹಟ್ಟೊ ಮಾಡುವುದು’ ಅನ್ನುತ್ತಾರೆ. ಹೊಸಬರಿಗೆ ಮೊದಲ ದಿನದ ಪಾಠದಲ್ಲೇ ಕಲಿಸುತ್ತಾರೆ. ರಾಯ್ಸ್ ಹಟ್ಟೊ ಅನ್ನುವ ಒಬ್ಬ ಪೆದ್ದ ಇದ್ದ, ಬೀಗ ಹಾಕದೆ ಹಡಗಿನ ದೊಡ್ಡ ನೀರುಚಕ್ರಕ್ಕೆ ಕೈ ಕೊಟ್ಟ, ಬಲಗೈ ಮಣಿಕಟ್ಟಿನವರೆಗೆ ಹೋಯಿತು... ಎಲ್ಲರೂ ಮುಖ ಕಿವಿಚುತ್ತಾರೆ, ಆಮೇಲೆ ನಗುತ್ತಾರೆ.

ಆ ಪೆದ್ದ ನನ್ನ ತಮ್ಮ.

ಬೀಗ ಹಾಕಿದ್ದ. ಆಸ್ಪತ್ರೆಯಲ್ಲಿ ನನ್ನ ಮುಖ ನೋಡಿ ಹೇಳಿದ್ದ— ಕ್ರೆನ್‌ಶಾ ಬೀಗ ಕತ್ತರಿಸಿ ಹಾಕಿದ, ಕ್ಯೂ ಉದ್ದ ಆಗಿತ್ತು ಅಂತ. ಕ್ರೆನ್‌ಶಾ ಆಗ ಇಲ್ಲಿನ ಮೇಲ್ವಿಚಾರಕ. ‘ಬೀಗ ಹಾಕಿರಲಿಲ್ಲ’ ಎಂದು ವರದಿ ಬರೆದವನೂ ಅವನೇ. ಆಮೇಲೆ ಮೇಲಕ್ಕೆ ಮೇಲಕ್ಕೆ ಹೋದ. ರಾಯ್ಸ್ ಮನೆಗೆ ಹೋದ.

ಮರುವರ್ಷ ನಾನು ಇಲ್ಲಿ ಸೇರಿದೆ, ಗಂಡನ ಮನೆ ಹೆಸರಿನಲ್ಲಿ. ಮಾರ್ಲಾ ಟೀಗ್. ಯಾರಿಗೂ ಗೊತ್ತಿಲ್ಲ. ಹದಿನೇಳು ವರ್ಷದಿಂದ ನನ್ನ ತವರಿನ ಹೆಸರನ್ನು ಉಗುಳಿನಂತೆ ಉಗುಳುವುದನ್ನು ಕೇಳಿಕೊಂಡು ಸ್ಯಾಂಡ್‌ವಿಚ್ ತಿಂದಿದ್ದೇನೆ. ಯಾಕೆ ಸೇರಿದೆ ಎಂದು ಯಾರಾದರೂ ಕೇಳಿದ್ದರೆ ಆಗ ಉತ್ತರ ಇರಲಿಲ್ಲ. ಈಗ ಇದೆ.

ಜನವರಿ 11, ಭಾನುವಾರ

ಫ್ರಾಸ್ಟ್‌ಪ್ರೂಫ್‌ಗೆ ಹೋಗಿದ್ದೆ, ರಾಯ್ಸ್ ಇರುವ ಊರಿಗೆ. ಬೇಯಿಸಿದ ಕಡಲೆಕಾಯಿ ತಗೊಂಡು ಹೋಗಿದ್ದೆ. ವರಾಂಡದಲ್ಲಿ ಕೂತು ಯಾರದ್ದೋ ಮೀನುಗಾಳದ ದಾರ ಸುತ್ತುವ ಗಾಲಿ ರಿಪೇರಿ ಮಾಡುತ್ತಿದ್ದ. ಗಾಲಿಯನ್ನು ಮಂಡಿಗಳ ನಡುವೆ ಸಿಕ್ಕಿಸಿ, ಎಡಗೈಯಲ್ಲಿ ಸ್ಕ್ರೂ. ರಾತ್ರಿ ಚಳಿ ಬೀಳುತ್ತದಂತೆ, ಹಣ್ಣು ಹೆಪ್ಪುಗಟ್ಟದಿರಲಿ ಎಂದು ಪಕ್ಕದ ಕಿತ್ತಳೆ ತೋಟದಲ್ಲಿ ನೀರು ಚಿಮ್ಮಿಸುತ್ತಿದ್ದರು.

ಹೇಳಿದೆ. “ಕ್ರೆನ್‌ಶಾ ಬರ್ತಿದಾನೆ. ನನ್ನ ಕುರ್ಚೀಲಿ ಕೂರ್ತಾನೆ.”

ಸ್ಕ್ರೂ ನಿಂತಿತು. ಮತ್ತೆ ತಿರುಗಿತು.

“ಬಿಟ್ಬಿಡೇ ಅಕ್ಕ.”

“ಏನ್ ಬಿಡ್ಲಿ?”

“ಎಲ್ಲಾ.”

ಅಷ್ಟೇ ಅವನ ಮಾತು. ಯಾವಾಗಲೂ ಅಷ್ಟೇ. ಕೈ ಹೋದ ದಿನ ಕೂಡ ಕೂಗಲಿಲ್ಲವಂತೆ, ಜೊತೆಗಿದ್ದವರು ಹೇಳಿದ್ದರು. ಚಿಕ್ಕವನಿದ್ದಾಗ ಬಾಯಿ ತೆರೆದರೆ ಬೀದಿಯ ನಾಯಿಗಳೆಲ್ಲ ಎದ್ದು ಬರುತ್ತಿದ್ದವು. ಆ ಹುಡುಗನನ್ನೂ ಆ ಚಕ್ರವೇ ನುಂಗಿತು. ಅವನ ಸಿಟ್ಟನ್ನೆಲ್ಲ ನಾನೇ ಸಾಕಿಕೊಂಡಿದ್ದೇನೆ, ಇಬ್ಬರ ಪಾಲಿನದೂ.

ಜನವರಿ 20, ಮಂಗಳವಾರ

‘ಮೊಸಳೆ ಮನುಷ್ಯ’ ಬೊಂಬೆಯ ಪ್ಯಾಂಟ್ ಹೊಸದಾಗಿ ಹೊಲಿದೆ. ದೀಪದ ಕಂಬ ತಬ್ಬಿಕೊಂಡು ನೇತಾಡುತ್ತಾನೆ, ಕೆಳಗಿನಿಂದ ಮೊಸಳೆ ಪ್ಯಾಂಟಿನ ಹಿಂಭಾಗ ಕಿತ್ತುಕೊಳ್ಳುತ್ತದೆ, ಮಕ್ಕಳು ಬಿದ್ದು ಬಿದ್ದು ನಗುತ್ತಾರೆ. ಅವನ ಮುಖದ ಚರ್ಮ ಬಿರಿದು ಗಲ್ಲ ಜೋತುಬಿದ್ದಿದೆ. ಅದಕ್ಕೂ ಏನಾದರೂ ಮಾಡಬೇಕು.

ನಾಡಿದ್ದು ಕ್ರೆನ್‌ಶಾ. ಮನಸ್ಸಿನಲ್ಲೇ ನೂರು ಸಲ ಅವನ ಮುಖಕ್ಕೆ ಹಿಟ್ಟು ಬಳಿದಿದ್ದೇನೆ. ಹಲ್ಲಿನ ಅಚ್ಚು ತೆಗೆಯಲು ಡಾಕ್ಟರು ಬಳಸುವ ಅದೇ ಗುಲಾಬಿ ಹಿಟ್ಟು. ಹಣೆ, ಕಣ್ಣು, ಬಾಯಿ ಎಲ್ಲ ಮುಚ್ಚುತ್ತದೆ. ಮೂಗಿನ ಎರಡು ಹೊಳ್ಳೆ ಮಾತ್ರ ಬಯಲು. ಕೂತವನಿಗೆ ಕಾಣುವುದಿಲ್ಲ, ಮಾತಾಡಲಾಗದು. ಕೇಳಿಸುತ್ತದೆ. ಅದಕ್ಕೇ ಅಚ್ಚು ತೆಗೆಯುವವರು ಮಾತು ನಿಲ್ಲಿಸಬಾರದು. ನಮ್ಮ ದನಿ ಹಿಡಿದುಕೊಂಡೇ ಅವರು ಆ ಕತ್ತಲೆ ದಾಟಬೇಕು. ಸಹಿಸಲಾಗದಿದ್ದರೆ ಕೈ ಎತ್ತಬೇಕು. ಎತ್ತಿದ ಕೂಡಲೇ ಕಿತ್ತು ತೆಗೆಯಬೇಕು. ಎರಡೇ ನಿಯಮ. ಎರಡನ್ನೂ ಪಾಲಿಸುತ್ತೇನೆ.

ಜನವರಿ 22, ಗುರುವಾರ, ಸಂಜೆ

ಕಾರಿನಲ್ಲೇ ಕೂತು ಬರೆಯುತ್ತಿದ್ದೇನೆ. ಮನೆಯವರೆಗೆ ಕಾಯಲು ಆಗದು.

ಹತ್ತು ಗಂಟೆಗೆ ಬಂದ. ಎತ್ತರ ಕುಗ್ಗಿದೆ, ಹೊಟ್ಟೆ ಬಂದಿದೆ, ಕೈಗೆ ಊರುಗೋಲು. ಎಲ್ಲರ ಬೆನ್ನು ತಟ್ಟಿದ. ಒಸ್ವಾಲ್ಡೊಗೆ ಜೋಕು ಹೇಳಿದ. ನನಗೆ— “ನೀನೇನಮ್ಮಾ ನನ್ನನ್ನ ಸುಂದ್ರಾಂಗ ಮಾಡೋಳು?”

“ಇರೋದನ್ನೇ ತೆಗಿಯೋದು ಸಾರ್. ನನ್ನ ಕೈಲಿ ಹೆಚ್ಚು ಮಾಡಕ್ಕೂ ಆಗಲ್ಲ, ಕಮ್ಮಿ ಮಾಡಕ್ಕೂ ಆಗಲ್ಲ.”

ತಲೆಗೆ ರಬ್ಬರ್ ಟೋಪಿ. ಹುಬ್ಬಿಗೆ ವ್ಯಾಸಲೀನ್. ಕೈ ಎತ್ತುವ ಸನ್ನೆ ಹೇಳಿಕೊಟ್ಟೆ, ಅವನಿಂದ ಒಮ್ಮೆ ಮಾಡಿಸಿ ನೋಡಿದೆ. ಒಸ್ವಾಲ್ಡೊ ಬಕೆಟ್ ಹಿಡಿದು ಹಿಟ್ಟು ಕಲಸುತ್ತಿದ್ದ. ಹಣೆಯಿಂದ ಶುರು ಮಾಡಿದೆ. ಕಣ್ಣು ಮುಚ್ಚಿದ. ಬಾಯಿ ಮುಚ್ಚಿದ. ಬಳಿದೆ.

“ತಣ್ಣಗಿದೆ ಅಲ್ವಾ ಸಾರ್? ಈಗ ಗಟ್ಟಿಯಾಗತ್ತೆ. ಅಲ್ಲಾಡ್ಬೇಡಿ. ನಾನು ಮಾತಾಡ್ತಾನೇ ಇರ್ತೀನಿ. ನನ್ನ ತವರುಮನೆ ಹೆಸರು ಹಟ್ಟೊ.”

ಒಸ್ವಾಲ್ಡೊ ಕಲಸುವುದು ನಿಂತಿತು.

ಹೇಳಿದೆ. ಎಲ್ಲ. ದನಿ ಏರಿಸಲಿಲ್ಲ, ಮಗುವಿಗೆ ಜೋಗುಳ ಹೇಳುವಷ್ಟೇ ಮೆತ್ತಗೆ. “ರಾಯ್ಸ್ ನೆನಪಿದ್ದಾನಾ ಸಾರ್? ಹಡಗಿನ ಚಕ್ರ? ಬೀಗ ಹಾಕಿದ್ದ ನನ್ನ ತಮ್ಮ. ನೀವು ಕತ್ತರಿಸಿ ಹಾಕಿದ್ರಿ. ಕ್ಯೂನಲ್ಲಿ ನಿಂತಿರೋರು ಐಸ್‌ಕ್ರೀಮ್ ತಿಂದು ಮುಗಿಸೋವರೆಗೂ ನಿಮ್ಗೆ ಕಾಯೋಕ್ಕಾಗ್ಲಿಲ್ಲ. ಆಮೇಲೆ ಅವನು ಪೆದ್ದ ಅಂತ ಬರೆದ್ರಿ. ಈಗ ಅವನ ಹೆಸರು ಇಲ್ಲಿ ಬೈಗುಳ. ಗೊತ್ತಾ ನಿಮ್ಗೆ? ಅವನು ಮೊನ್ನೆ ಬೂಟಿನ ಲೇಸನ್ನ ಹಲ್ಲಲ್ಲಿ ಕಚ್ಚಿ ಕಟ್ಟೋದು ನೋಡ್ದೆ ಸಾರ್. ಇನ್ನೂ ಹಲ್ಲಲ್ಲೇ ಕಟ್ತಾನೆ. ನೀವು ಆರಾಮಾಗಿದ್ದೀರಾ? ಉಸಿರು ಬರ್ತಿದ್ಯಾ?”

ಹಿಟ್ಟಿನ ಕೆಳಗೆ ಏನೋ ಎಳೆಯಿತು. ಹಣೆ ಇರಬೇಕು. ಕತ್ತಿನ ನರ ಹಗ್ಗದಂತೆ ಎದ್ದಿತು. ಹೊಳ್ಳೆಗಳು ಅಗಲವಾದವು, ಮುಚ್ಚಿದವು, ಅಗಲವಾದವು. ಆ ಮನುಷ್ಯನ ಇಡೀ ಪ್ರಾಣ ಆ ಎರಡು ತೂತಿನಲ್ಲಿ ಓಡಾಡುತ್ತಿತ್ತು, ನನ್ನ ಕೈಯಿಂದ ಒಂದಂಗುಲ ದೂರದಲ್ಲಿ.

ಹೆಬ್ಬೆರಳು ಇಟ್ಟೆ. ಎಡ ಹೊಳ್ಳೆಯ ಮೇಲೆ. ಒತ್ತಿದೆ.

ಇನ್ನೊಂದರ ಮೇಲೆ ತೋರುಬೆರಳು— ಇಡಲಿಲ್ಲ, ಆದರೆ ಅಲ್ಲೇ ಇತ್ತು.

“ಮಾರ್ಲಾ,” ಅಂದ ಒಸ್ವಾಲ್ಡೊ. ಅಷ್ಟೇ.

ತೆಗೆದೆ. ಕ್ರೆನ್‌ಶಾನ ಕೈ ನೋಡಿದೆ. ಕುರ್ಚಿಯ ತೋಳಿನ ಮೇಲೇ ಇತ್ತು. ಬೆರಳ ಗಿಣ್ಣುಗಳು ಬೆಳ್ಳಗಾಗಿದ್ದವು, ಆದರೂ ಎತ್ತಿರಲಿಲ್ಲ. ಎತ್ತಬಹುದಿತ್ತು. ಮೊದಲ ಮಾತಿಗೇ ಎತ್ತಬಹುದಿತ್ತು. ಕೊನೆಯವರೆಗೂ ಕೂತು ಕೇಳಿದ.

ಪ್ಲಾಸ್ಟರ್ ಪಟ್ಟಿ ಸುತ್ತಿ, ಒಣಗಿಸಿ, ಅಚ್ಚು ಬಿಡಿಸಿದೆ. ಮುಖ ಕೆಂಪು, ಕಣ್ಣು ಒದ್ದೆ. ಬಿಸಿ ಟವೆಲ್ ಕೊಟ್ಟೆ, ಅದೂ ನಿಯಮವೇ. ಒರೆಸಿಕೊಂಡ. ಊರುಗೋಲು ಹುಡುಕಿದ. ಬಾಗಿಲಲ್ಲಿ ತಿರುಗಿದ.

“ಆ ಬೀಗ ನಾನು ಕತ್ತರಿಸ್ಲಿಲ್ಲಮ್ಮಾ. ನಿನ್ನ ತಮ್ಮನ್ನೇ ಕೇಳು.”

ಸುಳ್ಳ. ಸಾಯುವ ವಯಸ್ಸಿನಲ್ಲೂ ಸುಳ್ಳ. ಆ ಬೆರಳು ತೆಗೆದದ್ದೇ ತಪ್ಪಾಯಿತು.

ಜನವರಿ 23, ಶುಕ್ರವಾರ

ಒಸ್ವಾಲ್ಡೊ ಬೆಳಿಗ್ಗೆ ಕಾಫಿ ತಂದುಕೊಟ್ಟ.

“ಹನ್ನೊಂದು ವರ್ಷದಿಂದ ಆ ಮಾತು ಆಡ್ತಿದೀನಿ ಕಣೇ. ನಿನ್ನ ಮುಂದೇನೇ. ಒಂದ್ಸಲ ಕೆನ್ನೆಗೆ ಬಾರಿಸೋದಲ್ವಾ?”

“ನಿನ್ನ ಕೆನ್ನೆ ನಂಗ್ಯಾಕೆ? ನಂಗೆ ಬೇಕಾಗಿದ್ದ ಕೆನ್ನೆ ನಿನ್ನೆ ಬಂದಿತ್ತು.”

“ನಾನೇನೂ ನೋಡಿಲ್ಲ. ಹಿಟ್ಟು ಕಲಸ್ತಿದ್ದೆ.”

ಒಳ್ಳೆಯವನು.

ಫೆಬ್ರವರಿ 9, ಸೋಮವಾರ

ಬರೆಯಲು ಪುರುಸೊತ್ತಿಲ್ಲ. ರಾಯ್ಸ್ ಎರಡು ಸಲ ಫೋನ್ ಮಾಡಿದ, ಭಾನುವಾರ ಯಾಕೆ ಬರಲಿಲ್ಲ ಅಂತ. ಕೆಲಸ ಅಂದೆ. ಕೆಲಸ ಇರುವುದೂ ನಿಜ.

ಮುಖ ಎದ್ದು ಬಂದಿದೆ. ಸಾಮಾನ್ಯವಾಗಿ ಅಚ್ಚಿನ ಮುಖ ಸತ್ತವರ ಮುಖ. ಕಣ್ಣು ಮುಚ್ಚಿ, ಕೆನ್ನೆ ಇಳಿದು, ಜೀವ ನಾವು ತುಂಬಬೇಕು. ಇದಕ್ಕೆ ನಾನು ಕಣ್ಣು ತೆರೆಸಿದ್ದು ಬಿಟ್ಟರೆ ಏನೂ ಮಾಡಿಲ್ಲ. ಹುಬ್ಬುಗಳು ಒಂದಕ್ಕೊಂದು ಹತ್ತಿ ಮೇಲೆದ್ದಿವೆ. ತುಟಿ ಒಂದು ಕಡೆಗೆ ಎಳೆದಿದೆ. ಹಣೆಯ ಒಂದೊಂದು ಗೆರೆಯೂ ಬಂದಿದೆ. ಹಿಟ್ಟು ಗಟ್ಟಿಯಾಗುವ ಹೊತ್ತಿನಲ್ಲಿ ನಾನು ಹೇಳಿದ್ದೆಲ್ಲ ಅಲ್ಲಿ ಕೂತಿದೆ. ನನಗೆ ಹೊಟ್ಟೆ ತುಂಬಿದಂತಾಯಿತು. ನಿಜ ಹೇಳುತ್ತೇನೆ, ಇಷ್ಟು ಸುಖ ಯಾವತ್ತೂ ಆಗಿರಲಿಲ್ಲ. ಮಧ್ಯಾಹ್ನವೆಲ್ಲ ಅದರ ಎದುರೇ ಕೂತು ಊಟ ಮಾಡಿದೆ.

ಟ್ರಿಷ್ ಬಂದು ನೋಡಿದಳು. ಬಾಯಿ ಮೇಲೆ ಕೈ ಇಟ್ಟುಕೊಂಡಳು.

“ಅಯ್ಯೋ ದೇವ್ರೇ... ಇದು ಕ್ಯಾಪ್ಟನ್ ಮುಖ ಅಲ್ವೇ ಅಲ್ಲ. ಇವನ್ನ ನೋಡಿದ್ರೆ ಹಡಗು ಬಿಟ್ಟು ಮೊದ್ಲು ಹಾರೋನು ಇವನೇ ಅನ್ಸತ್ತೆ.” ಸುತ್ತ ತಿರುಗಿ ನೋಡಿದಳು. “ಮೊಸಳೆ ಮನುಷ್ಯ! ಮಾರ್ಲಾ, ಇದು ಮೊಸಳೆ ಮನುಷ್ಯ ಕಣೇ!”

ನಾನಾಗಿ ಕೇಳಿದ್ದರೆ ಇಷ್ಟು ಚೆನ್ನಾಗಿ ಆಗುತ್ತಿರಲಿಲ್ಲ. ದಿನವಿಡೀ, ವರ್ಷವಿಡೀ, ಮೊಸಳೆ ಅವನ ಪ್ಯಾಂಟ್ ಕಿತ್ತುಕೊಳ್ಳುತ್ತದೆ. ದೋಣಿ ತುಂಬ ಜನ ಅವನನ್ನು ನೋಡಿ ನಗುತ್ತಾರೆ. ಹಟ್ಟೊ ಹೆಸರಿಗೆ ನಕ್ಕ ಹಾಗೆಯೇ.

ಫೆಬ್ರವರಿ 12, ಗುರುವಾರ

ಅನ್ಯಾಯ. ಶುದ್ಧ ಅನ್ಯಾಯ.

ಟ್ರಿಷ್ ಅವನಿಗೆ ಫೋಟೋ ತೋರಿಸಿ ಒಪ್ಪಿಗೆ ಕೇಳಿದಳಂತೆ. ಬೇಡ ಅನ್ನುತ್ತಾನೆ, ಒದ್ದಾಡುತ್ತಾನೆ, ಬೇಡಿಕೊಳ್ಳುತ್ತಾನೆ ಎಂದು ಕಾದಿದ್ದೆ. ಬಿದ್ದು ಬಿದ್ದು ನಕ್ಕನಂತೆ!

“ಎಂಥಾ ದೊಡ್ಡ ಮನಸ್ಸು ಆ ಮನುಷ್ಯಂದು,” ಅಂದಳು. “ಮೊಮ್ಮಕ್ಕಳು ನೋಡಿ ನಗ್ಲಿ ಬಿಡು, ಕ್ಯಾಪ್ಟನ್‌ಗಿಂತ ಇದೇ ವಾಸಿ ಅಂದ್ರು.”

ದೊಡ್ಡ ಮನಸ್ಸಂತೆ. ನನ್ನ ಸೇಡನ್ನು ಟೋಪಿಯ ಹಾಗೆ ತಲೆಗೆ ಹಾಕಿಕೊಂಡು ಓಡಾಡುತ್ತಿದ್ದಾನೆ. ಜನ ನಕ್ಕರೆ ಅವನಿಗೇನು ನಷ್ಟ? ಜೀವಮಾನವಿಡೀ ಜನರನ್ನು ನಗಿಸಿಯೇ ಮೇಲೆ ಹೋದವನು.

ಸಂಜೆ ಸಿಟ್ಟಿಗೆ ಬಣ್ಣದ ಡಬ್ಬಿ ಒದ್ದೆ. ಪಾದ ಊದಿದೆ.

ಫೆಬ್ರವರಿ 25, ಬುಧವಾರ

ನೀರು ಬಿಟ್ಟರು. ಬೆಂಕಿ ಹಚ್ಚಿದೆವು. ಎಲ್ಲ ಫ್ಯಾನು, ಎಲ್ಲ ದೀಪ, ಹೊಗೆ. ಚೆನ್ನಾಗಿದೆ. ಬಹಳ ಚೆನ್ನಾಗಿದೆ. ಗಾಜಿನ ಮೇಲೆ ಮೂಡುವ ದೆವ್ವದ ಹೆಂಗಸನ್ನೂ ಸರಿ ಮಾಡಿದೆ. ಗಾಜು ಒರೆಸಿದರೆ ಸಾಕಿತ್ತು, ಹತ್ತು ವರ್ಷದಿಂದ ಮಸುಕಾಗಿ ಓಡಾಡುತ್ತಿದ್ದಳು.

ಮೊಸಳೆ ಮನುಷ್ಯನಿಗೆ ಕ್ರೆನ್‌ಶಾ ತಲೆ ಕೂರಿಸಿದೆವು. ಮೂರು ಬೋಲ್ಟು, ಒಂದು ಪ್ಲಗ್ಗು. ಹುಡುಗರು ನೋಡಿ ನಕ್ಕರು. ನನಗೆ ಏನೂ ಅನ್ನಿಸಲಿಲ್ಲ.

‘ನಿನ್ನ ತಮ್ಮನ್ನೇ ಕೇಳು.’ ಈ ಮಾತು ಹಲ್ಲಿನ ಸಂದಿಯಲ್ಲಿ ಸಿಕ್ಕಿಕೊಂಡ ನಾರಿನಂತೆ. ಕೇಳಬೇಕಾಗಿಲ್ಲ. ಕೇಳಿದರೆ ಅವನ ಮಾತಿಗೆ ಬೆಲೆ ಕೊಟ್ಟಂತೆ.

ಮಾರ್ಚ್ 1, ಭಾನುವಾರ

ಕೇಳಿದೆ.

ಊಟವಾದ ಮೇಲೆ ರಾಯ್ಸ್ ತಟ್ಟೆ ತೊಳೆಯುತ್ತಿದ್ದ. ಅಚ್ಚು ತೆಗೆದ ದಿನದ್ದೆಲ್ಲ ಹೇಳಿದೆ, ಹೆಬ್ಬೆರಳಿನದೂ. ಬಾಗಿಲಲ್ಲಿ ಕ್ರೆನ್‌ಶಾ ಹೇಳಿದ ಮಾತೂ ಹೇಳಿದೆ. ರಾಯ್ಸ್ ನಲ್ಲಿ ನಿಲ್ಲಿಸಿದ. ತಿರುಗಲಿಲ್ಲ.

“ಕತ್ತರಿಸ್ಲಿಲ್ಲ ಅವನು. ಬೀಗ ನಾನೇ ತೆಗ್ದೆ.”

“ನೀನೇ ತೆಗ್ದ್ಯಾ?” ಅಂದೆ.

ನಿಧಾನಕ್ಕೆ ಹೇಳಿದ. ಚಕ್ರ ಸಿಕ್ಕಿಕೊಂಡಿತ್ತು. ಬೀಗ ಹಾಕಿ ಒಳಗೆ ಇಳಿದಿದ್ದ. ಒಂದು ಬೋಲ್ಟ್ ಬಿಗಿ ಮಾಡಬೇಕು, ಕರೆಂಟ್ ಕೊಟ್ಟು ನೋಡಬೇಕು, ಮತ್ತೆ ಬಿಗಿ ಮಾಡಬೇಕು. ಸ್ವಿಚ್ಚು ಇರುವುದು ಆಚೆ ಕೋಣೆಯಲ್ಲಿ. ಸಲ ಸಲಕ್ಕೂ ಸುತ್ತಿ ಹೋಗಿ ಬೀಗ ತೆಗೆದು, ಹಾಕಿ, ಬರಬೇಕು. ಹೊರಗೆ ಜನ ಕೂಗಾಡುತ್ತಿದ್ದರು. ಕ್ರೆನ್‌ಶಾ ಬಂದ.

“ಏನಂದ ಗೊತ್ತಾ ಅಕ್ಕ? ‘ಬೀಗ ತೆಗ್ದಿಡು ರಾಯ್ಸ್. ಸ್ವಿಚ್ ಹತ್ರ ನಾನೇ ನಿಂತಿರ್ತೀನಿ. ನಾನಿರೋವಾಗ ಯಾರು ಮುಟ್ತಾರೆ?’ ಅಂದ. ತೆಗ್ದೆ. ಬೀಗ ಬೇರೆ ಅಲ್ಲ, ಅವನು ಬೇರೆ ಅಲ್ಲ ಅನ್ಕೊಂಡೆ. ಅವನೇ ನಂಗೆ ಕೆಲ್ಸ ಕಲಿಸಿದ್ದು ಕಣೇ.”

“ಆಮೇಲೆ?”

“ಫೋನ್ ಬಂತಂತೆ. ಹೋದ. ಇನ್ಯಾರೋ ಬಂದು ನೋಡಿದ್ರು, ಬೀಗ ಇಲ್ಲ. ಸ್ವಿಚ್ ಹಾಕಿದ್ರು. ಅವರದ್ದೇನು ತಪ್ಪು?”

“ನಂಗ್ಯಾಕೆ ಸುಳ್ಳು ಹೇಳ್ದೆ?”

ಈಗ ತಿರುಗಿದ. “ಬೀಗ ಕತ್ತರಿಸಿದ್ರು ಅಂದ್ರೆ ಅವ್ರು ಕಳ್ಳರು. ಮಾತು ನಂಬಿ ಕೈ ಕೊಟ್ಟೆ ಅಂದ್ರೆ ಅವ್ರು ಹೇಳೋ ಹಾಗೆ ನಾನು ಪೆದ್ದನೇ ಅಲ್ವಾ?”

ರಾಯ್ಸ್ ಮೇಲೆ ಸಿಟ್ಟು ಬಂತು. ತಟ್ಟೆ ಎತ್ತಿ ಎಸೆಯುವಷ್ಟು. ಹದಿನೇಳು ವರ್ಷ ತಪ್ಪು ಬಾಗಿಲು ಬಡಿದಿದ್ದೇನೆ. ಆ ಕುರ್ಚಿಯಲ್ಲಿ ಕ್ರೆನ್‌ಶಾ ನನ್ನ ಮಾತು ಕೇಳಿ ಏನಂದುಕೊಂಡನೋ. ಹುಚ್ಚಿ, ಇವಳಿಗೆ ಗೊತ್ತೇ ಇಲ್ಲ ಅಂದುಕೊಂಡಿರಬೇಕು.

ಕಾರು ಓಡಿಸುತ್ತ ಬರುವಾಗ ದಾರಿಯಲ್ಲೇ ಸಿಟ್ಟು ತಿರುಗಿತು, ತನ್ನ ಮನೆಗೆ, ಕ್ರೆನ್‌ಶಾನ ಕಡೆಗೆ, ತಾನೇ ಹೋಯಿತು. ಬೀಗ ಕತ್ತರಿಸಿದವನಾದರೆ ಬರೀ ದುಡುಕಿನವನು. ಇವನು ನಿಂತಿರುತ್ತೇನೆಂದು ಬಾಯಿಬಿಟ್ಟು ಹೇಳಿ ಹೋದವನು. ಆಮೇಲೆ ಬರೆದ: ‘ಬೀಗ ಹಾಕಿರಲಿಲ್ಲ.’ ಅಕ್ಷರಕ್ಕೆ ಅಕ್ಷರ ನಿಜ. ಉಳಿದದ್ದನ್ನು ನುಂಗಿಕೊಂಡು, ನಮ್ಮ ಹುಡುಗನನ್ನು ನಗೆಪಾಟಲು ಮಾಡಲು ಬಿಟ್ಟು, ಎಲ್ಲರ ಬೆನ್ನು ತಟ್ಟುತ್ತ ಓಡಾಡಿದ. ಮೊದಲು ಅವನನ್ನು ದ್ವೇಷಿಸುತ್ತಿದ್ದೆ. ಈಗ ಅವನು ನನಗೆ ಅರ್ಥವಾಗಿದ್ದಾನೆ. ಇದು ಇನ್ನೂ ಕೆಟ್ಟದ್ದು.

ಮೊಸಳೆ ಸಾಲದು. ಮೊಸಳೆ ಅವನಿಗೆ ಬಹುಮಾನ.

ಮಾರ್ಚ್ 4, ಬುಧವಾರ

ಹಡಗಿನ ಚಕ್ರದ ಪಕ್ಕದಲ್ಲಿ ಒಬ್ಬ ಎಂಜಿನ್ ಆಳಿನ ಬೊಂಬೆ ಇದೆ. ಲಿವರ್ ಮೇಲೆ ಕೈ ಇಟ್ಟುಕೊಂಡು ನಿಂತಿರುವುದೇ ಅವನ ಕೆಲಸ. ತಲೆ ಒಂದಿಷ್ಟು ಚಕ್ರದ ಕಡೆ ತಿರುಗುತ್ತದೆ, ಮತ್ತೆ ಮುಂದಕ್ಕೆ. ಯಾರೂ ನೋಡುವುದಿಲ್ಲ, ದೀಪ ಕೂಡ ಸರಿಯಾಗಿ ಇಲ್ಲ.

ಒಸ್ವಾಲ್ಡೊಗೆ ಎಲ್ಲ ಹೇಳಿದೆ. ಬೀಗದ್ದೂ.

“ಅಂದ್ರೆ ಈಗ ತಲೆ ಬದಲಾಯಿಸ್ಬೇಕು,” ಅಂದ.

“ಟ್ರಿಷ್ ಬಯ್ತಾಳೆ.”

“ಬಯ್ಯಲಿ. ಅವಳು ಬಯ್ಯೋದೂ ಹಾಡಿನ ಹಾಗೇ ಇರತ್ತೆ.”

ಸ್ವಿಚ್ಚಿಗೆ ಇಬ್ಬರ ಬೀಗವನ್ನೂ ಜಡಿದು ಕೆಲಸ ಮಾಡಿದೆವು. ಎಂಜಿನ್ ಆಳಿನ ತಲೆ ಮೊಸಳೆ ಮನುಷ್ಯನಿಗೆ. ಕ್ರೆನ್‌ಶಾ ಲಿವರಿನ ಪಕ್ಕಕ್ಕೆ. ಒಂದು ಸಣ್ಣ ದೀಪ ಜಾಸ್ತಿ ಹಾಕಿದೆ, ಮುಖಕ್ಕೆ ಮಾತ್ರ. ಕರೆಂಟ್ ಕೊಟ್ಟೆವು. ಚಕ್ರ ತಿರುಗಿತು. ಅವನ ತಲೆ ಮೆಲ್ಲಗೆ ಚಕ್ರದ ಕಡೆ ತಿರುಗಿತು. ಆ ಹುಬ್ಬು, ಆ ತುಟಿ... ಒಸ್ವಾಲ್ಡೊ ಶಿಲುಬೆಯ ಗುರುತು ಹಾಕಿಕೊಂಡ.

ನಿಂತಿರ್ತೀನಿ ಅಂದಿದ್ದೆಯಲ್ಲ ಕ್ರೆನ್‌ಶಾ. ನಿಂತಿರು. ಇನ್ನು ನಿನಗೆ ಯಾರ ಫೋನೂ ಬರುವುದಿಲ್ಲ.

ಮಾರ್ಚ್ 6, ಶುಕ್ರವಾರ, ಬೆಳಿಗ್ಗೆ 11.20

ರಿಪೇರಿ ಮುಗಿದು ಇವತ್ತು ಮೊದಲ ಸವಾರಿ, ನಮ್ಮವರಿಗೆ ಮಾತ್ರ, ಹಳಬರು ಮತ್ತು ಮನೆಮಂದಿ. ದಡದಲ್ಲಿ ಮೇಜು, ಕೋಳಿ, ತಂಪು ಟೀ.

ರಾಯ್ಸ್ ಬಂದಿದ್ದಾನೆ. ಬರುವುದಿಲ್ಲ ಅಂದಿದ್ದವನು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಗೇಟಿನಲ್ಲಿ ನಿಂತಿದ್ದ. ಯಾಕೆ ಬಂದೆ ಎಂದು ಕೇಳಲಿಲ್ಲ. ಹಳಬರು ಇಬ್ಬರು ಅವನನ್ನು ನೋಡಿ ಕಣ್ಣು ತಪ್ಪಿಸಿದರು.

ಕ್ರೆನ್‌ಶಾ ಮೊದಲ ದೋಣಿಯ ಮುಂದಿನ ಸೀಟಿನಲ್ಲಿ, ಪಕ್ಕದಲ್ಲಿ ಟ್ರಿಷ್. “ಬನ್ರಪ್ಪಾ, ನನ್ನ ಚಡ್ಡಿ ಹರಿಯೋದು ನೋಡೋಣ!” ಎಲ್ಲರೂ ಹೋ ಅಂದರು. ನಾನು ಹಿಂದಿನ ಬಾಗಿಲಿನಿಂದ ಹೋಗಿ ಚಕ್ರದ ಹಿಂದೆ ಕತ್ತಲಲ್ಲಿ ನಿಂತೆ.

ಮೊಸಳೆಯ ಹತ್ತಿರ ಅವನ ದನಿ ಕೇಳಿತು. “ಎಲ್ಲಿ ನಾನು? ನಾನೆಲ್ಲಿ ಟ್ರಿಷ್?” ನಗು. ದೋಣಿ ತಿರುವಿನಲ್ಲಿ ಬಂತು. ಚಕ್ರ. ದೀಪ. ನೋಡಿದ.

ಬೊಂಬೆಯ ಮುಖ ಅವನ ಕಡೆ ತಿರುಗಿತು, ಅವನ ಮುಖ ಬೊಂಬೆಯ ಕಡೆ. ಎರಡೂ ಒಂದೇ ಆದವು. ಆಣೆ ಇಟ್ಟು ಹೇಳುತ್ತೇನೆ, ಒಂದು ಗೆರೆ ವ್ಯತ್ಯಾಸ ಇರಲಿಲ್ಲ. ಪಕ್ಕದವರು ನಗಲು ಬಾಯಿ ತೆರೆದು ಸುಮ್ಮನಾದರು. ಕಣ್ಣು ತುಂಬ ನೋಡಿಕೊಂಡೆ. ಸಾಕು ಅನ್ನಿಸಿತು. ಇದಕ್ಕೇ ಹುಟ್ಟಿದ್ದೆ ಅನ್ನಿಸಿತು.

11.45

ದಡದಲ್ಲಿ ನಿಂತು ಕೆಲಸದ ಹಾಳೆಯ ಹಿಂಬದಿಗೆ ಬರೆಯುತ್ತಿದ್ದೇನೆ. ಬರೆಯದಿದ್ದರೆ ನೀರಿಗೆ ಹಾರಿ ದೋಣಿಯ ಹಿಂದೆ ಹೋಗಿಬಿಡುತ್ತೇನೆ.

ದೋಣಿ ವಾಪಸ್ಸು ಬಂತು. ಎಲ್ಲರೂ ಇಳಿದರು. ಕ್ರೆನ್‌ಶಾ ಇಳಿಯಲಿಲ್ಲ. ಟ್ರಿಷ್ ಕೈ ಕೊಟ್ಟಳು, ಅಲ್ಲಾಡಲಿಲ್ಲ. “ಇನ್ನೊಂದ್ಸಲ,” ಅಂದ. ಅಷ್ಟೇ. ಟ್ರಿಷ್ ನನ್ನ ಕಡೆ ಕೆಕ್ಕರಿಸಿ ನೋಡಿದಳು. ಆಗಲೇ ರಾಯ್ಸ್ ಎದ್ದ. ಟೀ ಲೋಟವನ್ನು ನನ್ನ ಕೈಗೆ ಕೊಟ್ಟು, ಹೋಗಿ, ಅವನ ಪಕ್ಕದಲ್ಲಿ ಕೂತ.

“ಬೇಡ ಕಣೋ,” ಅಂದೆ. ತಿರುಗಿ ನೋಡಲಿಲ್ಲ. ದೋಣಿ ಸವಾರಿಯ ಸುರಂಗಕ್ಕೆ ಹೊರಟಿತು. ಇಬ್ಬರ ಬೆನ್ನು ಮಾತ್ರ ಕಂಡಿತು, ಆಮೇಲೆ ಅದೂ ಇಲ್ಲ.

ಕ್ಷಮಿಸಿಬಿಡುತ್ತಾನೆ. ನನಗೆ ಗೊತ್ತು. ‘ಬಿಟ್ಬಿಡಿ ಸಾರ್’ ಅನ್ನುತ್ತಾನೆ, ಎಲ್ಲಕ್ಕೂ ಅದೇ ಅವನ ಉತ್ತರ. ಆ ಮುದುಕ ಅವನ ಬೆನ್ನು ತಟ್ಟುತ್ತಾನೆ. ಇಬ್ಬರೂ ಅತ್ತು, ನಗುತ್ತ ಬಂದು, ಕೋಳಿ ತಿನ್ನುತ್ತಾರೆ. ನನ್ನ ಹದಿನೇಳು ವರ್ಷ ಆ ಕಾಲುವೆಯ ತಳಕ್ಕೆ, ಕನ್ನಡಕಗಳ ಜೊತೆಗೆ. ರಾಯ್ಸ್, ಕ್ಷಮಿಸಬೇಡ. ನಿನ್ನ ಕಾಲಿಗೆ ಬೀಳುತ್ತೇನೆ. ಇದೊಂದನ್ನು ಬಿಡಬೇಡ—

ಏನೋ ಕೇಳಿತು.

ಸುರಂಗದ ಒಳಗಿನಿಂದ. ಬೆಂಕಿಯ ಸದ್ದು, ಗಂಟೆ, ಧ್ವನಿಮುದ್ರಿಕೆಯ ಕಿರುಚಾಟ, ಅದರ ನಡುವೆ ಇನ್ನೊಂದು. ಧ್ವನಿಮುದ್ರಿಕೆಯದಲ್ಲ. ಒಸ್ವಾಲ್ಡೊ ಕಂಟ್ರೋಲ್ ಪೆಟ್ಟಿಗೆಯಿಂದ ನನ್ನ ಕಡೆ ನೋಡಿದ. ಕೈ ಚಾಚಿ ಎಲ್ಲ ಸದ್ದನ್ನೂ ಬಂದ್ ಮಾಡಿದ.

ರಾಯ್ಸ್. ಕೂಗುತ್ತಿದ್ದಾನೆ. ನಮ್ಮ ಬೀದಿಯ ನಾಯಿಗಳನ್ನು ಎಬ್ಬಿಸುತ್ತಿದ್ದ ಆ ಗಂಟಲು. ಸುರಂಗ ಒಂದು ಅಕ್ಷರವನ್ನೂ ಇಟ್ಟುಕೊಳ್ಳದೆ ಹೊರಗೆ ಎಸೆಯುತ್ತಿದೆ.

“ನಿಂತಿರ್ತೀನಿ ಅಂದ್ಯಲ್ಲೋ! ಬೀಗ ತೆಗಿ ರಾಯ್ಸ್, ನಾನಿರ್ತೀನಿ ಅಂದ್ಯಲ್ಲೋ! ಎಲ್ಲೋ ಹೋಗಿದ್ದೆ? ಎಲ್ಲೋ ಹೋಗಿದ್ದೆ ನೀನು!”

ದಡದಲ್ಲಿ ಯಾರ ಬಾಯೂ ಅಲ್ಲಾಡುತ್ತಿಲ್ಲ. ಹಳಬರು, ಹೊಸಬರು, ಆ ಪಂಪಿನ ಹುಡುಗ, ಟ್ರಿಷ್ ಕೈಯಲ್ಲಿ ತಟ್ಟೆ ಹಿಡಿದು ಹಾಗೇ. ಎಲ್ಲರೂ ಕೇಳುತ್ತಿದ್ದಾರೆ. ಒಬ್ಬೊಬ್ಬರೂ. ಕೂಗು ರಾಯ್ಸ್, ಇನ್ನೂ ಕೂಗು.

ನಿಂತಿತು. ನೀರಿನ ಸದ್ದು. ಈಗ ಇನ್ನೊಂದು ದನಿ, ಸಣ್ಣಗೆ. ಕ್ರೆನ್‌ಶಾ. ಏನೋ ಹೇಳುತ್ತಿದ್ದಾನೆ. ಎಲ್ಲರೂ ನೀರಿನ ಕಡೆ ಬಗ್ಗಿದ್ದಾರೆ. ಗಟ್ಟಿಯಾಗಿ ಹೇಳೋ, ಗಟ್ಟಿಯಾಗಿ— ರಾಯ್ಸ್ ಕೂಡ ಅದನ್ನೇ ಕೂಗಿದ, “ಗಟ್ಟಿಯಾಗಿ ಹೇಳು!”

ದೋಣಿಯ ಮೂತಿ ತಿರುವಿನಲ್ಲಿ ಕಾಣಿಸಿತು. ಕ್ರೆನ್‌ಶಾ ಎದ್ದು ನಿಂತಿದ್ದಾನೆ, ದೋಣಿಯಲ್ಲಿ, ಊರುಗೋಲು ಇಲ್ಲದೆ, ನಮ್ಮೆಲ್ಲರ ಕಡೆ ಮುಖ ಮಾಡಿ. ಬಾಯಿ ತೆರೆದ—